ಸವೆದ ಪೆಡಲ್

ಮೋಟಾರು ಸಂಗ್ರಹಾಲಯಕ್ಕೆ ಹೋದವರೆಲ್ಲ ಮೊದಲು ಮುತ್ತಿಕೊಳ್ಳುವುದು ಥಳಥಳಿಸುವ ರೋಲ್ಸ್ ರಾಯ್ಸ್ ಕಾರನ್ನು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಕಪ್ಪು ಬಣ್ಣದ ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಇಂಥವು ಸುಮಾರು ಒಂದೂವರೆ ಕೋಟಿ ತಯಾರಾದವು.

ಒಳಗೆ ಇಣುಕಿ ನೋಡಿ. ಮೂರು ಪೆಡಲ್‌ಗಳಿವೆ, ಆದರೆ ಇಂದಿನ ಚಾಲಕನಿಗೆ ದಿಕ್ಕೇ ತೋಚುವುದಿಲ್ಲ. ಎಡಗಡೆಯದು ಗೇರ್ ಬದಲಿಸಲು, ನಡುವಿನದು ಹಿಮ್ಮುಖ ಚಲನೆಗೆ, ಬಲಗಡೆಯದು ಬ್ರೇಕ್. ವೇಗ ಹೆಚ್ಚಿಸಲು ಕಾಲಿಗೆ ಕೆಲಸವೇ ಇಲ್ಲ, ಅದಕ್ಕೆ ಸ್ಟೀರಿಂಗ್ ಕೆಳಗೊಂದು ಪುಟ್ಟ ಲಿವರ್. ಪೆಡಲ್‌ಗಳ ಮೇಲೆ ಸಿ (ಕ್ಲಚ್), ಆರ್ (ರಿವರ್ಸ್), ಬಿ (ಬ್ರೇಕ್) ಎಂಬ ಉಬ್ಬಕ್ಷರಗಳು. ಎಷ್ಟು ಕಾಲುಗಳು ಒತ್ತಿದ್ದವೋ, ‘ಸಿ’ ಹೆಚ್ಚುಕಡಿಮೆ ಅಳಿಸಿಯೇ ಹೋಗಿದೆ!

ಮುಂಭಾಗದಲ್ಲಿ, ಕೈಯಿಂದ ತಿರುಗಿಸಿ ಎಂಜಿನ್ ಚಾಲೂ ಮಾಡುವ ಹಿಡಿಕೆ ಜೋತುಬಿದ್ದಿರುತ್ತದೆ. ಕಿಡಿ ಹೊತ್ತುವ ಸಮಯ ತುಸು ತಪ್ಪಿದರೂ ಅದು ರಪ್ಪನೆ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆಯೇ ಆ ಭಯ ನಿಧಾನಕ್ಕೆ ದೂರವಾದದ್ದು. ಹೊಳೆಯುವ ದೀಪ, ಬಾನೆಟ್ ಮೇಲಿನ ಗೊಂಬೆಗಳಿಗಿಂತ ಇಂಥ ಬದಲಾವಣೆಯೇ ನನಗೆ ದೊಡ್ಡದು.

ಹೊಸ ಬಣ್ಣ ಬಳಿದು ಕನ್ನಡಿಯಂತೆ ಮಿಂಚಿಸಿದ ಹಳೆಯ ಕಾರುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿರುಕುಬಿಟ್ಟ ಚರ್ಮದ ಸೀಟು, ಮಾಸಿದ ಮರದ ಚಕ್ರದ ಅರಗಳು ಹಾಗೆಯೇ ಇರಲಿ. ತುಕ್ಕು ಹರಡದಂತೆ ಕಾಪಾಡಿದರೆ ಸಾಕು. ಒಮ್ಮೊಮ್ಮೆ ಎಂಜಿನ್ ಚಾಲೂ ಮಾಡಿ ಆ ಸದ್ದನ್ನೂ ಕೇಳಿಸುವ ಸಂಗ್ರಹಾಲಯಗಳೆಂದರೆ ನನಗೆ ಬಹಳ ಗೌರವ.