ಕುಂಜುಮ್ ದಾಟುವ ದಿನ

ಹಿಮಾಚಲದ ಮನಾಲಿಯಿಂದ ಕುಂಜುಮ್ ಎಂಬ ಎತ್ತರದ ಘಟ್ಟ ದಾಟಿ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋಗುವ ದಿನ ಬೆಳಗಿನ ಐದಕ್ಕೇ ಗಾಡಿ ಹೊರಡಬೇಕು. ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿರಬೇಕು. ಈ ದಾರಿಯಲ್ಲಿ ಮುಂದಿನ ಪೆಟ್ರೋಲ್ ಬಂಕ್ ಸಿಗುವುದು ಕಾಜಾದಲ್ಲೇ. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ರೋಹ್ತಾಂಗ್ ಘಟ್ಟ ಹತ್ತುವ ಕಷ್ಟ ತಪ್ಪಿದೆ. ಆದರೂ ಅವಸರ ಏಕೆಂದರೆ, ಗ್ರಾಂಫುವಿನಿಂದ ಬಾತಲ್‌ವರೆಗಿನ ಸುಮಾರು 50 ಕಿ.ಮೀ. ದಾರಿಗೆ ಅಡ್ಡಲಾಗಿ ನಾಲಾಗಳು ಹರಿಯುತ್ತವೆ. ಮೇಲಿನ ಹಿಮನದಿಗಳು ಕರಗಿ ಬರುವ ನೀರು ಅದು. ರಾತ್ರಿಯ ಚಳಿಗೆ ಕರಗುವುದು ಕುಗ್ಗಿ, ಬೆಳಿಗ್ಗೆ ಕೆಲವೆಡೆ ಪಾದ ಮುಳುಗುವಷ್ಟೇ ಇರುತ್ತದೆ. ಬಿಸಿಲೇರಿ ಮಧ್ಯಾಹ್ನವಾಗುವ ಹೊತ್ತಿಗೆ ಅದೇ ನಾಲಾ ಮೊಣಕಾಲು ಮೀರಿ, ಕಲ್ಲು ಉರುಳಿಸಿಕೊಂಡು ಬರುತ್ತದೆ.

ನಾಲಾ ಕಂಡ ಕೂಡಲೇ ನುಗ್ಗಬಾರದು. ಇಳಿದು ನೋಡಬೇಕು. ಅಗಲವಾಗಿ ಹರಡಿ, ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ಕಡೆ ಆಳ ಕಡಿಮೆ; ಇಕ್ಕಟ್ಟಾಗಿ, ಸದ್ದಿಲ್ಲದೆ ಹರಿಯುವ ಕಡೆ ಗುಂಡಿ ಇರುತ್ತದೆ. ಮೊದಲ ಗೇರಿನಲ್ಲೇ ದಾಟಬೇಕು. ನಡುವೆ ಗೇರ್ ಬದಲಿಸಿದರೆ ಅಥವಾ ಆಕ್ಸಲರೇಟರ್ ಬಿಟ್ಟರೆ ಸೈಲೆನ್ಸರಿಗೆ ನೀರು ನುಗ್ಗಿ ಎಂಜಿನ್ ನಿಲ್ಲುತ್ತದೆ. ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಬೈಕಿನ ಹಿಂದೆ ಕೂತವರು ಇಳಿದು ನಡೆಯುವುದೇ ಕ್ಷೇಮ.

ಬಾತಲ್‌ನ ಚಹಾದಂಗಡಿಯಲ್ಲಿ ಕೂತಾಗ ಪ್ರತಿಯೊಬ್ಬರ ಮುಖವನ್ನೂ ಸರಿಯಾಗಿ ನೋಡಬೇಕು. ಮನಾಲಿಯ ಎತ್ತರ ಸುಮಾರು 2,050 ಮೀಟರ್, ಕುಂಜುಮ್ 4,550 ಮೀಟರ್. ಒಂದೇ ದಿನಕ್ಕೆ ಇಷ್ಟು ಏರುವುದು ದೇಹಕ್ಕೆ ಅನ್ಯಾಯ. ತಲೆನೋವಿನ ಜೊತೆ ವಾಂತಿ ಇದ್ದರೆ, ನಡಿಗೆ ತೂರಾಡಿದರೆ ಅಲ್ಲಿಂದಲೇ ತಿರುಗಬೇಕು. ಕುಂಜುಮ್‌ವರೆಗೆ ಹೋಗಿ ನೋಡೋಣ ಅನ್ನುವುದು ತಪ್ಪು: ಅಷ್ಟರಲ್ಲಿ ಹಿಂದಿನ ನಾಲಾಗಳು ಉಬ್ಬಿರುತ್ತವೆ, ಮುಂದಿನ ಹಳ್ಳಿ ಲೋಸರ್ ಕೂಡ 4,000 ಮೀಟರಿಗಿಂತ ಮೇಲಿದೆ. ನನ್ನ ಮಟ್ಟಿಗೆ, ಸಮಯವಿದ್ದವರು ಶಿಮ್ಲಾ, ಕಿನ್ನೌರ್ ಕಡೆಯಿಂದ ಹಂತಹಂತವಾಗಿ ಏರಿ ಬಂದು, ಈ ದಾರಿಯಲ್ಲಿ ಇಳಿಯುವುದೇ ಸರಿ.

ಕುಂಜುಮ್‌ನಲ್ಲಿ ಚೋರ್ಟೆನ್ ಎಂಬ ಬೌದ್ಧ ಸ್ತೂಪಗಳು, ಬಣ್ಣದ ಪ್ರಾರ್ಥನಾ ಪತಾಕೆಗಳು. ಚಾಲಕರು ಗುಡಿಯನ್ನು ಗಾಡಿಯಲ್ಲೇ ಒಂದು ಸುತ್ತು ಬಂದು ಮುಂದೆ ಹೋಗುತ್ತಾರೆ. ನೀರು ಇಲ್ಲಿ ಕವಲೊಡೆಯುತ್ತದೆ. ಪಶ್ಚಿಮಕ್ಕಿಳಿದದ್ದು ಚಂದ್ರಾ ನದಿ ಸೇರಿ, ತಾಂಡಿಯಲ್ಲಿ ಭಾಗಾ ಜೊತೆ ಕೂಡಿ ಚಿನಾಬ್ ಆಗುತ್ತದೆ. ಪೂರ್ವಕ್ಕಿಳಿದದ್ದು ಸ್ಪಿತಿ ನದಿಯಾಗಿ ಖಾಬ್ ಬಳಿ ಸಟ್ಲೆಜ್ ಸೇರುತ್ತದೆ.

1960ರಲ್ಲಿ ಜಿಲ್ಲೆ ಮಾಡಿದಾಗ ಪಶ್ಚಿಮದ ಲಾಹೌಲ್, ಪೂರ್ವದ ಸ್ಪಿತಿ ಎಂಬ ಈ ಎರಡು ಕಣಿವೆಗಳನ್ನು ಒಂದಾಗಿಸಿದರು. ಆಗ ಅದು ಪಂಜಾಬಿನಲ್ಲಿತ್ತು, 1966ರಲ್ಲಿ ಹಿಮಾಚಲಕ್ಕೆ ಬಂತು. 2011ರ ಜನಗಣತಿಯಂತೆ ಇಡೀ ಲಾಹೌಲ್-ಸ್ಪಿತಿಯಲ್ಲಿ 31,564 ಜನ. ಚದರ ಕಿಲೋಮೀಟರಿಗೆ ಇಬ್ಬರು. ಜಿಲ್ಲಾಕೇಂದ್ರ ಕೇಲಾಂಗ್ ಇರುವುದು ಲಾಹೌಲ್‌ನಲ್ಲಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕುಂಜುಮ್ ಮುಚ್ಚಿದಾಗ ಸ್ಪಿತಿಯವರು ತಮ್ಮದೇ ಜಿಲ್ಲಾಕೇಂದ್ರಕ್ಕೆ ಕಿನ್ನೌರ್ ಸುತ್ತಿ ಹೋಗಬೇಕು. ಕಾಜಾದಲ್ಲಿ ಪ್ರತ್ಯೇಕ ಅಪರ ಜಿಲ್ಲಾಧಿಕಾರಿ ಇರುವುದು ಅದಕ್ಕೇ.

ಲೋಸರ್‌ನ ಚೌಕಿಯಲ್ಲಿ ಹೆಸರು, ಗಾಡಿ ಸಂಖ್ಯೆ ಬರೆಸಿದ ಮೇಲೆ ಬಟಾಣಿ, ಬಾರ್ಲಿ ಹೊಲಗಳು ಶುರು. ಕೂಲ್ ಎಂಬ ಸಣ್ಣ ಕಾಲುವೆ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಮಾತ್ರ ಹಸಿರು, ಅದರಾಚೆ ಬರೀ ಜಲ್ಲಿ. ಹೊಲ ಚೂರಾಗದಂತೆ ಹಿರಿಮಗನಿಗೆ ಬಿಟ್ಟು, ಕಿರಿಯರನ್ನು ಗೊಂಪಾಕ್ಕೆ, ಅಂದರೆ ಬೌದ್ಧ ಮಠಕ್ಕೆ, ಕಳಿಸುತ್ತಿದ್ದ ಹಳೆಯ ಪದ್ಧತಿ ಈ ಕಾಲುವೆಯ ಪಕ್ಕ ನಿಂತಾಗ ಅರ್ಥವಾಗುತ್ತದೆ. ಅಲ್ಲಿಂದ ಕಾಜಾಕ್ಕೆ ಇನ್ನೂ 57 ಕಿ.ಮೀ. ಇದೆ.