ಬೇಸ್‌ಮೆಂಟಿನ ರೇಡಾನ್: ಫ್ಯಾನಿಗಿಂತ ಮೊದಲು ನೆಲದಡಿ ನೋಡಿ

ಮಿನ್ನೆಸೋಟ, ಅಯೋವ, ಇಲಿನಾಯ್ ಕಡೆ ಮನೆ ಕೊಂಡ ನಮ್ಮವರು ರೇಡಾನ್ (ಮಣ್ಣಿನಿಂದ ಬರುವ, ಬಣ್ಣ-ವಾಸನೆಯಿಲ್ಲದ ವಿಕಿರಣಶೀಲ ಅನಿಲ) ವರದಿ ಕೈಗೆ ಬಂದ ಕೂಡಲೇ ಕೇಳುವುದು, ‘ಯಾವ ಫ್ಯಾನ್ ಹಾಕಿಸಲಿ?’ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ಮುಟ್ಟಿದರೆ ಸರಿಪಡಿಸಿ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. 2ರಿಂದ 4ರೊಳಗಿದ್ದರೂ ಯೋಚಿಸಿ ಎನ್ನುತ್ತದೆ.

ಚಳಿಗಾಲದಲ್ಲಿ ಬಿಸಿಗಾಳಿ ಮೇಲೇರಿ ಹೋದಂತೆಲ್ಲ ಮನೆ ನೆಲದಡಿಯ ಗಾಳಿಯನ್ನು ಬಿರುಕುಗಳಿಂದ ಒಳಗೆಳೆದುಕೊಳ್ಳುತ್ತದೆ, ಜೊತೆಗೆ ರೇಡಾನ್ ಬರುತ್ತದೆ. ನೆಲಕ್ಕೆ ಪೈಪು ಇಳಿಸಿ, ಫ್ಯಾನಿನಿಂದ ಅಡಿಯ ಗಾಳಿಯನ್ನು ಹೊರಗೆಳೆದು, ಕಾಂಕ್ರೀಟಿನ ಕೆಳಗೆ ಕೋಣೆಗಿಂತ ಕಡಿಮೆ ಒತ್ತಡ ಇರುವಂತೆ ಮಾಡಿದರೆ ಈ ಎಳೆತ ತಿರುಗುತ್ತದೆ. ಕೆಲಸವೆಲ್ಲ ಇಷ್ಟೇ, ಆದರೆ ನೆಲದಡಿ ಗಾಳಿ ಓಡಾಡಬೇಕು.

ಅದನ್ನು ಮೊದಲೇ ಪರೀಕ್ಷಿಸಿ. ಪೈಪು ಬರುವಲ್ಲಿ ಒಂದು ತೂತು, ದೂರದ ಮೂಲೆಗಳಲ್ಲಿ ಸಣ್ಣ ತೂತುಗಳು. ಮೊದಲನೆಯದಕ್ಕೆ ಶಾಪ್ ವ್ಯಾಕ್ಯೂಮ್ ಹಚ್ಚಿ (ಅದು ಉಗುಳುವ ಗಾಳಿ ಮನೆಯ ಹೊರಗೆ ಹೋಗಲಿ), ಮೂಲೆಯ ತೂತಿನ ಬಾಯಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಬಾಗಿ ಒಳಗಿಳಿದರೆ ಕೆಳಗೆ ಜಲ್ಲಿಯಿದೆ, ಒಂದೇ ಪೈಪು ಸಾಕಾಗಬಹುದು. ಹೊಗೆ ನೆಟ್ಟಗೆ ನಿಂತರೆ ಬಹುಶಃ ಜೇಡಿಮಣ್ಣು. ಎಳೆತ ಹೆಚ್ಚಿರುವ ಫ್ಯಾನೋ, ಎರಡನೇ ಪೈಪೋ ಬೇಕು.

ಆಮೇಲೆ 5 ಇಂಚಿನ ತೂತು ಕೊರೆದು, ಅಡಿಯಿಂದ 5 ಗ್ಯಾಲನ್ನಿನ ಬಕೆಟ್ ಒಂದೆರಡು ತುಂಬುವಷ್ಟು ಮಣ್ಣು ತೆಗೆಯಿರಿ. ಈ ಗುಂಡಿಯಲ್ಲಿ ಜಿಪುಣತನ ಬೇಡ. 4 ಇಂಚಿನ ಶೆಡ್ಯೂಲ್ 40 (ಪೈಪಿನ ಗೋಡೆಯ ದಪ್ಪದ ದರ್ಜೆ) ಪಿವಿಸಿ ಪೈಪು ಇಳಿಸಿ. ಅಡ್ಡ ಹೋಗುವ ಕಡೆ ಗುಂಡಿಯತ್ತ ಇಳಿಜಾರಿರಲಿ. ಎಲ್ಲಾದರೂ ತಗ್ಗಿದ್ದರೆ ಒಳಗಿನ ತೇವ ನೀರಾಗಿ ನಿಂತು ಗಾಳಿಯ ದಾರಿ ಕಟ್ಟುತ್ತದೆ.

ಫ್ಯಾನ್ ಅಟ್ಟದಲ್ಲಿರಲಿ ಇಲ್ಲವೇ ಹೊರಗೋಡೆಯ ಮೇಲಿರಲಿ, ಬೇಸ್‌ಮೆಂಟಿನೊಳಗೆ ಖಂಡಿತ ಬೇಡ. ಫ್ಯಾನಿನ ಮುಂದಿನ ಪೈಪಿನಲ್ಲಿ ಗಾಳಿ ಒತ್ತಡದಲ್ಲಿರುತ್ತದೆ. ಒಂದು ಜಾಯಿಂಟ್ ಸೋರಿದರೂ ದಟ್ಟ ರೇಡಾನ್ ಮನೆಗೇ ಬರುತ್ತದೆ. ಪೈಪಿನ ಬಾಯಿ ಸೂರಿನ ಮೇಲೆ, ಕಿಟಕಿಗಳಿಂದ 10 ಅಡಿ ದೂರ.

ಗೋಡೆ-ನೆಲ ಸೇರುವ ಸಂದಿಗೆ ಪಾಲಿಯುರಿಥೇನ್ ಕಾಕ್ (ಸಂದಿ ಮುಚ್ಚುವ ಅಂಟು), ನೆಲದಡಿಯ ನೀರು ಸೇರುವ ಸಂಪ್ ಗುಂಡಿಗೆ ಗಾಳಿಯಾಡದ ಮುಚ್ಚಳ. ಇದನ್ನು ಬಿಟ್ಟರೆ ಫ್ಯಾನ್ ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಆಗ ಗ್ಯಾಸ್ ಹೀಟರಿನ ಹೊಗೆ ಕೊಳವೆ ಏರದೆ ಕೆಳಗೆ ಮರಳಿ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಫ್ಯಾನ್ ಹಾಕಿದ ದಿನವೇ ಇದನ್ನು ನೋಡಿಸಿ.

ಪೈಪಿಗೆ ಯು ಆಕಾರದ ಮಾನೋಮೀಟರ್ (ಒತ್ತಡದ ವ್ಯತ್ಯಾಸ ತೋರಿಸುವ, ದ್ರವ ತುಂಬಿದ ಕೊಳವೆ) ಸಿಕ್ಕಿಸಿ. ಎರಡೂ ಕಡೆ ದ್ರವ ಸಮವಾಗಿದ್ದರೆ ಎಳೆತವೇ ಇಲ್ಲವೆಂದರ್ಥ. ವ್ಯತ್ಯಾಸವಿದೆಯೆಂದ ಮಾತ್ರಕ್ಕೆ ರೇಡಾನ್ ಇಳಿದಿದೆ ಎನ್ನಲಾಗದು. 24 ಗಂಟೆ ಕಳೆದ ಮೇಲೆ, 30 ದಿನದೊಳಗೆ, ಕಿಟಕಿ ಮುಚ್ಚಿಟ್ಟು ಮರುಪರೀಕ್ಷೆ ಮಾಡಿ. ನಂತರ ಎರಡು ವರ್ಷಕ್ಕೊಮ್ಮೆ.