ಆಟಿಯ ಮಳೆಯಲ್ಲಿ 37 ಕ್ಲಿಕ್

2025 ಜುಲೈ 27, ಆದಿತ್ಯವಾರ
ಕುಂಬಳೆ

ನಿನ್ನೆ ಅನಂತಪುರ ದೇವಸ್ಥಾನದ ಕೆರೆಯ ಬಳಿ ಒಂದು ಮಗು ಕೇಳಿದ ಪ್ರಶ್ನೆ ಈ ರಾತ್ರಿಯವರೆಗೂ ನನ್ನನ್ನು ಬಿಟ್ಟಿಲ್ಲ. ದಾವಣಗೆರೆಯಿಂದ ಬಂದಿದ್ದ ಕುಟುಂಬ. ನಮ್ಮ ಟ್ರಾವೆಲ್ಸಿನ ಚಾಲಕನಿಗೆ ಜ್ವರ ಬಂದು ಮಲಗಿದ್ದರಿಂದ ನಾನೇ ಕಾರು ಓಡಿಸಿಕೊಂಡು ಹೋಗಿದ್ದೆ. ಮಳೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟಿತ್ತು. ಆರೇಳು ವರ್ಷದ ಆ ಹುಡುಗಿ ಒದ್ದೆ ಮುರಕಲ್ಲಿನ ಮೇಲೆ ಕೊಡೆ ಹಿಡಿದು ನಿಂತು, ಕೆರೆಯ ಹಸಿರು ನೀರನ್ನು ರೆಪ್ಪೆ ಮಿಟುಕಿಸದೆ ನೋಡುತ್ತ, "ಅಂಕಲ್, ಬಬಿಯಾ ಎಷ್ಟು ಗಂಟೆಗೆ ಊಟಕ್ಕೆ ಬರುತ್ತೆ?" ಎಂದು ಕೇಳಿದಳು.

ಆ ಕೆರೆಯ ಮೊಸಳೆ ಬಬಿಯಾ ತೀರಿಕೊಂಡದ್ದು 2022ರ ಅಕ್ಟೋಬರ್ 9ರಂದು. ಮರುದಿನ ಅದನ್ನು ಕಡೆಯ ಬಾರಿ ನೋಡಲು ನೆರೆದ ಜನರ ನಡುವೆ ನಾನೂ ನಿಂತಿದ್ದೆ. ಅಂಥವನು ಆ ಮಗುವಿಗೆ ಏನು ಹೇಳಲಿ? ನಾನು ತಡವರಿಸುತ್ತಿರುವಾಗ ಅವಳ ತಂದೆ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಸಿಟ್ಟಿನಿಂದ ಅಲ್ಲ, "ನಿಮ್ಮ ವೆಬ್‌ಸೈಟಿನಲ್ಲೇ ಓದಿ ಬಂದದ್ದು ಸರ್, ಇವಳಿಗೆ ದಾರಿಯುದ್ದಕ್ಕೂ ಅದೇ ಕಥೆ ಹೇಳಿದ್ದೇವೆ" ಎಂದರು, ಅಷ್ಟೇ. 2021ರಲ್ಲಿ ನಾನೇ ಬರೆದ ವಾಕ್ಯ ಅಲ್ಲಿತ್ತು: "ದೇವರ ನೈವೇದ್ಯವನ್ನು ಉಣ್ಣುವ ಮೊಸಳೆಯನ್ನು ಈ ಕೆರೆಯಲ್ಲಿ ಇಂದಿಗೂ ಕಾಣಬಹುದು." ಆ "ಇಂದಿಗೂ" ಎಂಬ ಪದವನ್ನು ನಾನು ಮೂರು ವರ್ಷಗಳಿಂದ ತಿರುಗಿ ನೋಡಿರಲಿಲ್ಲ.

ಇಂದು ಅಕ್ಕನ ಮಗಳು ಮಂಗಳೂರಿನಿಂದ ಬಂದಳು. ಗೂಗಲ್‌ನಿಂದ ನಮಗೆ ಗಿರಾಕಿಗಳು ಏಕೆ ಬರುವುದಿಲ್ಲ ಎಂದು ನೋಡಿ ಹೇಳಲು ಅವಳನ್ನು ಮೇ ಕೊನೆಯ ಪತ್ತನಾಜೆಯ ಸಮಯದಿಂದಲೂ ಕೇಳುತ್ತಲೇ ಇದ್ದೆ. ಆಟಿಯಲ್ಲಿ, ಅಂದರೆ ತುಳುವರ ಈ ಮಳೆಗಾಲದ ತಿಂಗಳಿನಲ್ಲಿ, ಎರಡು ಕಾರು, ಒಂದು ಟೆಂಪೋ ಟ್ರಾವೆಲರ್ ಮೂರೂ ಶೆಡ್ಡಿನಲ್ಲೇ ನಿಂತಿರುವುದು ಪ್ರತಿ ವರ್ಷದ ಮಾತು; ಆದರೆ ಕಳೆದ ಶಬರಿಮಲೆ ಋತುವಿನಲ್ಲಿಯೂ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಹಳೆಯ ಪರಿಚಯದವರೇ ಆಗಿದ್ದರೆಂಬುದು ನನ್ನ ನಿಜವಾದ ಚಿಂತೆ. "ಗೂಗಲ್‌ನಲ್ಲಿ ನಮ್ಮದು ಬರುವುದೇ ಇಲ್ಲ ಮಗಾ" ಎಂದೆ. "ಬರುವುದಿಲ್ಲವೆಂದು ನಿಮಗೆ ಹೇಗೆ ಗೊತ್ತು ಮಾವ? ನೋಡಿದ್ದೀರಾ?" ಎಂದು ಕೇಳಿದಳು. ನಾನು ನೋಡಿರಲಿಲ್ಲ.

ಅವಳು ಸರ್ಚ್ ಕನ್ಸೋಲ್ ತೆರೆದಳು. ಇದು ಗೂಗಲ್ ಜಾಲತಾಣದ ಒಡೆಯನಿಗೆ ಉಚಿತವಾಗಿ ಕೊಡುವ ಲೆಕ್ಕದ ಪುಸ್ತಕ. ಹದಿನಾರು ತಿಂಗಳ ಹಿಂದಿನವರೆಗೂ ತಿರುಗಿಸಿ ನೋಡಬಹುದು. ನಮ್ಮ ತಾಣ ಆರಂಭವಾದಾಗಲೇ ಯಾರೋ ಅದನ್ನು ಜೋಡಿಸಿದ್ದರು, ನಾನು ಒಮ್ಮೆಯೂ ತೆರೆದಿರಲಿಲ್ಲ. ಕಳೆದ 28 ದಿನಗಳಲ್ಲಿ ನಮ್ಮ ಕೊಂಡಿ ಹುಡುಕಾಟದ ಫಲಿತಾಂಶಗಳಲ್ಲಿ ಬಂದದ್ದು 4,120 ಬಾರಿ. ಅದನ್ನು ಒತ್ತಿ ಒಳಗೆ ಬಂದದ್ದು 37 ಬಾರಿ. ನೂರಕ್ಕೆ ಒಂದೂ ಇಲ್ಲ. ನನಗೆ ಆ ಮೊದಲ ಸಂಖ್ಯೆಯನ್ನು ಕಂಡು ಆದದ್ದು ಸಂತೋಷವೋ ಸಂಕಟವೋ ಎಂದು ಈಗಲೂ ಹೇಳಲಾರೆ. ಯಾರಿಗೂ ನಾವು ಕಾಣುವುದೇ ಇಲ್ಲವೆಂದು ಇಷ್ಟು ದಿನ ನಂಬಿಕೊಂಡಿದ್ದೆ. ಕುಂಬಳೆ ಪೇಟೆಯಲ್ಲಿ ನಮ್ಮ ಬೋರ್ಡಿನ ಮುಂದೆ ಅಷ್ಟು ಜನ ನಡೆದುಹೋಗಿದ್ದಾರೆ, ಮೆಟ್ಟಿಲು ಹತ್ತಿದವರು ಮಾತ್ರ ಇಲ್ಲ.

ಅವಳು ನನ್ನನ್ನು ಅಲ್ಲಿಯೂ ತಿದ್ದಿದಳು. ಫಲಿತಾಂಶದ ಪುಟದಲ್ಲಿ ನಮ್ಮ ಕೊಂಡಿ ಇದ್ದರೆ ಸಾಕು, ನೋಡುವವರು ಅಷ್ಟು ಕೆಳಗೆ ಇಳಿಯದಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆಯಂತೆ. ನಮ್ಮ ಸರಾಸರಿ ಸ್ಥಾನ 14, ಎಂದರೆ ಬಹಳಷ್ಟು ಹುಡುಕಾಟಗಳಲ್ಲಿ ನಾವಿರುವುದು ಎರಡನೆಯ ಪುಟದಲ್ಲಿ. ಆದರೂ ಮೊದಲ ಪುಟದಲ್ಲಿಯೇ ಇದ್ದು ಯಾರೂ ಒತ್ತದ ಹುಡುಕಾಟಗಳೂ ಇವೆ ಎಂದು ಹೇಳಿ, "ಏಕೆಂದು ಇಲ್ಲಿ ನೋಡಿ" ಎಂದು ತನ್ನ ಫೋನಿನಲ್ಲಿ ಹುಡುಕಿ ತೋರಿಸಿದಳು. ಬೇಕಲ ಕೋಟೆಯ ಪ್ರವಾಸದ ಬಗ್ಗೆ ಬೇರೆಯವರ ಶೀರ್ಷಿಕೆಗಳು ಕೋಟೆಯ ಹೆಸರು, ಹೊರಡುವ ಊರು, ಒಂದು ದಿನವೋ ಎರಡು ದಿನವೋ ಎಂಬುದನ್ನೆಲ್ಲ ಒಂದೇ ಸಾಲಿನಲ್ಲಿ ಹೇಳುತ್ತಿದ್ದವು. ನಮ್ಮ ನೀಲಿ ಸಾಲಿನಲ್ಲಿ ನಮ್ಮ ಸಂಸ್ಥೆಯ ಹೆಸರು ಮತ್ತು "ಹೋಮ್" ಎಂಬ ಪದ ಮಾತ್ರ ಇತ್ತು. ಅದರ ಕೆಳಗಿನ ವಿವರಣೆಯಲ್ಲಿ "ನಮ್ಮ ಬಗ್ಗೆ, ಸಂಪರ್ಕಿಸಿ, ಗ್ಯಾಲರಿ" ಎಂದು ಮೆನುವಿನ ಪದಗಳು. ನಾವು ವಿವರಣೆ ಬರೆದಿರದಿದ್ದರೆ ಗೂಗಲ್ ಪುಟದಲ್ಲಿ ಸಿಕ್ಕಿದ ಪದಗಳನ್ನೇ ಎತ್ತಿಕೊಳ್ಳುತ್ತದೆ. ಬರೆದಿದ್ದರೂ ಅದು ಹುಡುಕಾಟಕ್ಕೆ ಹೊಂದದಿದ್ದರೆ ಪುಟದ ಬೇರೆ ಸಾಲನ್ನು ತೋರಿಸುವುದುಂಟು. ವಿವರಣೆಯಿಂದ ಸ್ಥಾನ ಮೇಲೇರುವುದಿಲ್ಲ, ಆದರೆ ಒತ್ತಬೇಕೇ ಬೇಡವೇ ಎಂದು ಒಬ್ಬ ಮನುಷ್ಯ ತೀರ್ಮಾನಿಸುವುದು ಆ ಎರಡು ಸಾಲುಗಳನ್ನು ಓದಿಯೇ.

ನಾಲ್ಕು ವರ್ಷ ನಮ್ಮನ್ನು ಅರಿಯದ ಜನರ ಮುಂದೆ ನಾನು "ಹೋಮ್" ಎಂದು ಹೇಳಿಕೊಂಡು ನಿಂತಿದ್ದೆ.

ಆಮೇಲೆ ನಡೆದದ್ದು ನನಗೆ ಇನ್ನಷ್ಟು ನೋವು ಕೊಟ್ಟಿತು. ಮುಖಪುಟದ ಕೊನೆಯಲ್ಲಿ ಬಹಳ ದೊಡ್ಡ ಬಿಳಿ ಜಾಗವಿರುವುದನ್ನು ಕಂಡು ಅವಳು ಲ್ಯಾಪ್‌ಟಾಪಿನಲ್ಲಿ ಮೌಸನ್ನು ಒತ್ತಿ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆದಳು. ಖಾಲಿ ಎಂದುಕೊಂಡಿದ್ದ ಜಾಗ ನೀಲಿಯಾಯಿತು, ನೀಲಿಯೊಳಗೆ ಅಕ್ಷರಗಳು ಎದ್ದವು: ಗೋವಾ, ಊಟಿ, ಮುನ್ನಾರ್, ಕೊಡೈಕನಾಲ್, ಅಗ್ಗದ ಟ್ಯಾಕ್ಸಿ, ಅತ್ಯುತ್ತಮ ಟ್ಯಾಕ್ಸಿ, ಕಾಸರಗೋಡು ಟ್ಯಾಕ್ಸಿ, ಮತ್ತೆ ಗೋವಾ, ಮತ್ತೆ ಊಟಿ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಎರಡು ವರ್ಷದ ಹಿಂದೆ ಫೋನಿನಲ್ಲಿ "ಒಂದು ತಿಂಗಳಲ್ಲಿ ಮೊದಲ ಸ್ಥಾನ" ಎಂದು ಮಾತು ಕೊಟ್ಟವರಿಗೆ ನಾನು 12,000 ರೂಪಾಯಿ ಕಳುಹಿಸಿದ್ದೆ. ಅವರು ಮಾಡಿಕೊಟ್ಟ ಕೆಲಸ ಇದು. ಮನುಷ್ಯರಿಂದ ಬಚ್ಚಿಟ್ಟು ಯಂತ್ರಕ್ಕೆ ಮಾತ್ರ ಓದಿಸುವ ಬರಹವನ್ನು ಗೂಗಲ್‌ನ ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ, ಅದಕ್ಕಾಗಿ ತಾಣವನ್ನು ಹಿಂದಕ್ಕೆ ತಳ್ಳಬಹುದು, ಪೂರ್ತಿ ತೆಗೆದುಹಾಕಲೂಬಹುದು. ಅವರು ಪುಟದ ಕೋಡಿನೊಳಗೆ ಹುಡುಕಾಟದ ಪದಗಳನ್ನು ಪಟ್ಟಿ ಮಾಡುವ ಕೀವರ್ಡ್ ಟ್ಯಾಗ್ ಎಂದು ಬೇರೆಯಾಗಿ ಹಣ ಪಡೆದಿದ್ದರು; ಅದನ್ನು ತಾನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿದೆಯಂತೆ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು, ಜಾಹೀರಾತಿನ ಜಾಗಕ್ಕೆ ಹಣ ಕೊಡಬಹುದೇ ಹೊರತು ಕೆಳಗಿನ ಸಾಲುಗಳಿಗೆ ದರವೇ ಇಲ್ಲ ಎಂದು ಅವಳು ಹೇಳಿದಾಗ ಅಕ್ಕ ಅಡುಗೆಮನೆಯಿಂದ ಪತ್ರೊಡೆ ತಂದಿಟ್ಟು, ನನ್ನ ಮುಖ ನೋಡಿ ಏನೂ ಮಾತನಾಡದೆ ಒಳಗೆ ಹೋದಳು. ಆ ಬಿಳಿ ಅಕ್ಷರಗಳನ್ನು ನನ್ನ ಕೈಯಿಂದಲೇ ಅಳಿಸಿದೆ.

ಒಂದು ವಿಷಯ ಮಾತ್ರ ಮನಸ್ಸಿಗೆ ಹಿತವೆನಿಸಿತು. ಕನ್ನಡ ಲಿಪಿಯಲ್ಲಿ ಹುಡುಕಿದವರು ಆ 4,120ರಲ್ಲಿ ಕೇವಲ 42. ಆದರೆ 37 ಕ್ಲಿಕ್‌ಗಳಲ್ಲಿ 14 ಅವರದೇ. ಮಧೂರು ದೇವಸ್ಥಾನ, ಎಡನೀರು ಮಠ, ಮಂಜೇಶ್ವರದ ಕವಿ ಗೋವಿಂದ ಪೈಗಳ ಮನೆ ಇವುಗಳ ಬಗ್ಗೆ ಪ್ರವಾಸಿಗನಿಗೆ ಬೇಕಾದಂತೆ ಬರೆದ ಕನ್ನಡ ಪುಟಗಳು ಅಂತರ್ಜಾಲದಲ್ಲಿ ಕಡಿಮೆ. ಆದ್ದರಿಂದ ನಮ್ಮದು ಮೇಲೆಯೇ ಕಾಣುತ್ತದೆ. ಕನ್ನಡದ ಪುಟಗಳನ್ನು ತೆಗೆದು ಇಂಗ್ಲಿಷ್ ಒಂದನ್ನೇ ಇಡಲು ಆ ಹಣ ಪಡೆದವರು ಸಲಹೆ ಕೊಟ್ಟಿದ್ದರು, ಆ ಒಂದು ಮಾತನ್ನು ನಾನು ಕೇಳಿರಲಿಲ್ಲ. ಕನ್ನಡದ ಬೋರ್ಡುಗಳಿಗಾಗಿ, ಶಾಲೆಗಳಿಗಾಗಿ ಈ ನೆಲದಲ್ಲಿ ನಡೆದ ಹೋರಾಟವನ್ನು ಕಂಡು ಬೆಳೆದವನು ನಾನು. ನನ್ನ ಸಣ್ಣ ತಾಣದಲ್ಲಿ ಕನ್ನಡವೇ ಜನರನ್ನು ಒಳಗೆ ಕರೆತರುತ್ತಿದೆ ಎಂಬುದನ್ನು ಸಂಖ್ಯೆಯಲ್ಲಿ ಕಂಡಾಗ ಕಣ್ಣು ಒದ್ದೆಯಾಯಿತು.

ಬೇಕಲದ ಪುಟವನ್ನು ಅವಳು ಜೋರಾಗಿ ಓದಿದಳು. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ ಎಂಬ ವಾಕ್ಯದಿಂದ ಅದು ಆರಂಭವಾಗುತ್ತದೆ. "ಇದು ಎಲ್ಲ ಕಡೆಯೂ ಇದೆ ಮಾವ. ಈಗ ಇಂಥದನ್ನು ಗೂಗಲ್ ತಾನೇ ಮೇಲೆ ಉತ್ತರವಾಗಿ ಬರೆದು ತೋರಿಸುತ್ತದೆ, ಯಾರೂ ಒಳಗೆ ಬರಬೇಕಾಗಿಲ್ಲ. ನಿಮಗೆ ಮಾತ್ರ ಗೊತ್ತಿರುವುದು ಏನು?" ಎಂದು ಕೇಳಿದಳು. ನಾನು ಯೋಚಿಸಿ ಹೇಳತೊಡಗಿದೆ: ಮೊಣಕಾಲು ನೋವಿರುವ ಹಿರಿಯರು ಕೋಟೆಯಲ್ಲಿ ಎಲ್ಲಿಯವರೆಗೆ ಆರಾಮವಾಗಿ ನಡೆಯಬಹುದು, ರೈಲಿನಲ್ಲಿ ಬರುವವರು ಬೇಕಲಕ್ಕಿಂತ ಹೆಚ್ಚು ಗಾಡಿಗಳು ನಿಲ್ಲುವ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಏಕೆ ಇಳಿಯಬೇಕು, ಇಲ್ಲಿಯ ದೈವಾರಾಧನೆಯಾದ ತೆಯ್ಯಂ ನೋಡಬೇಕೆಂದು ಜುಲೈಯಲ್ಲಿ ಬಂದರೆ ಏಕೆ ನಿರಾಶೆಯಾಗುತ್ತದೆ, ತೆಯ್ಯಂ ಋತು ಆರಂಭವಾಗುವ ತುಲಾ ತಿಂಗಳ ಹತ್ತನೆಯ ದಿನದ, ಅಂದರೆ ಅಕ್ಟೋಬರ್ ಕೊನೆಯ, ಪತ್ತಾಮುದಯದ ನಂತರ ಬಂದರೆ ಯಾವ ಕಡೆಗೆ ಕರೆದುಕೊಂಡು ಹೋಗುತ್ತೇವೆ. ನಾನು ಹೇಳುತ್ತಿದ್ದುದನ್ನೆಲ್ಲ ಅವಳು ಫೋನಿನಲ್ಲಿ ದಾಖಲಿಸಿಕೊಂಡಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಫೋನಿನಲ್ಲಿ ಗಿರಾಕಿಗಳಿಗೆ ಪ್ರತಿದಿನ ಹೇಳುವ ಮಾತುಗಳಲ್ಲಿ ಒಂದೂ ನನ್ನ ತಾಣದಲ್ಲಿ ಇರಲಿಲ್ಲ.

ಆಮೇಲೆ ಅವಳು ಯಾವ ಪುಟಕ್ಕೆ ಎಷ್ಟು ಜನ ಬಂದರೆಂಬ ಪಟ್ಟಿ ತೆರೆದಳು. 37ರಲ್ಲಿ 16 ಅನಂತಪುರದ ಪುಟಕ್ಕೆ. ಹುಡುಕಿದ ಪದಗಳಲ್ಲಿ ಹೆಚ್ಚಿನವು ಮೊಸಳೆ, ಬಬಿಯಾ. ನಾನು ನಿನ್ನೆಯ ಮಗುವಿನ ಸಂಗತಿಯನ್ನು ಆಗಲೇ ಅವಳಿಗೆ ಹೇಳಿದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನು ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಕೇಳಿಬಿಟ್ಟೆ: "ಅದನ್ನು ತಿದ್ದಿದರೆ ಇರುವ 16 ಕೂಡ ಹೋಗುತ್ತದೆಯೇ?"

"ಹೋಗಲೂಬಹುದು ಮಾವ. ಆದರೆ ನೀವು ಬರೆದ ವಾಕ್ಯವನ್ನು ನಂಬಿ ಆ ಮಗು ಬಂತಲ್ಲ," ಎಂದಳು. ಮತ್ತೆ ತಾನೇ ಮುಂದುವರಿಸಿ, ಬಬಿಯಾ ಈಗ ಇದೆಯೇ, ಕೆರೆಯಲ್ಲಿ ಹೊಸ ಮೊಸಳೆ ಬಂದಿದೆಯೇ ಎಂದು ಹುಡುಕುವವರೂ ಪಟ್ಟಿಯಲ್ಲಿದ್ದಾರೆ, ಅವರಿಗೆ ನೇರವಾದ ಉತ್ತರ ನಮ್ಮ ಪುಟದಲ್ಲಿ ಸಿಕ್ಕಿದರೆ ಒತ್ತುವವರು ಹೆಚ್ಚಬಹುದು ಎಂದು ವಿವರಿಸಿದಳು. ಇನ್ನೊಂದು ತೊಡಕನ್ನೂ ತೋರಿಸಿದಳು: ಬರೀ "ಅನಂತಪುರ" ಎಂದು ಶೀರ್ಷಿಕೆಯಲ್ಲಿದ್ದರೆ ಆಂಧ್ರದ ಅನಂತಪುರವನ್ನು ಹುಡುಕುವವರಿಗೂ ನಾವು ಕಾಣುತ್ತೇವೆ, ಅವರು ಒತ್ತುವುದಿಲ್ಲ, ಒತ್ತಬಾರದು ಕೂಡ. ಆದ್ದರಿಂದ ಕುಂಬಳೆ, ಕಾಸರಗೋಡು ಎರಡೂ ಆ ಸಾಲಿನಲ್ಲಿ ಇರಬೇಕು, ಅದೂ ಮೊದಲಿಗೇ, ಏಕೆಂದರೆ ಮೊಬೈಲಿನಲ್ಲಿ ಉದ್ದವಾದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ.

ಸಂಜೆಯ ರೈಲಿಗೆ ಅವಳನ್ನು ಬಿಟ್ಟು ಬಂದೆ. ಊಟದ ನಂತರ ಈ ಪುಟದ ಮುಂದೆ ಕುಳಿತವನು ಇನ್ನೂ ಎದ್ದಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿದೆ, ಎರಡು ಬಾರಿ ಕರೆಂಟು ಹೋಗಿ ಬಂತು. "ಇಂದಿಗೂ" ಎಂಬ ಪದವನ್ನು ಅಳಿಸಿದ್ದೇನೆ. 2022ರ ಅಕ್ಟೋಬರ್ 9ರಂದು ಬಬಿಯಾ ಅಗಲಿತು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡದ್ದನ್ನೂ, ಹೋದವರಿಗೆಲ್ಲ ಅದು ಕಾಣಿಸುತ್ತದೆ ಎಂದು ಯಾರೂ ಮಾತು ಕೊಡಲಾರರು ಎಂಬುದನ್ನೂ ಸೇರಿಸಿದೆ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂಬ ನಂಬಿಕೆ ಹಾಗೆಯೇ ಇರಲಿ. ಶೀರ್ಷಿಕೆಯಲ್ಲಿ "ಕುಂಬಳೆಯ ಅನಂತಪುರ ಕೆರೆ ದೇವಸ್ಥಾನ, ಕಾಸರಗೋಡು" ಎಂಬಲ್ಲಿಗೆ ಬಂದು ನಿಂತಿದ್ದೇನೆ. ಅದರ ಮುಂದೆ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಒಂದೆರಡು ಪದ ಇರಬೇಕೆಂದು ತೋರುತ್ತಿದೆ, ಏಕೆಂದರೆ ಆ ಹುಡುಗಿ ಕೊಡೆ ಮಡಚಿ ಕಾರಿನಲ್ಲಿ ಕುಳಿತ ಮೇಲೂ ಗಾಜಿಗೆ ಮೂಗು ಒತ್ತಿ ಕೆರೆಯ ಕಡೆಗೇ ನೋಡುತ್ತಿದ್ದಳು.